ಅಪಾರ್ಟ್‌ಮೆಂಟ್ ಮ್ಯಾನೇಜ್‌ಮೆಂಟ್ ಬದಲಾದ್ರೆ ಬಾಡಿಗೆಗಿರೋರ ಕಥೆ ಏನು?

ಓದುಗರ ಪ್ರಶ್ನೆ: ನಾವು ಬೆಂಗಳೂರಲ್ಲಿ ವೈಟ್‌ಫೀಲ್ಡ್ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟಲ್ಲಿ ಬಾಡಿಗೆಗಿದ್ದೀವಿ. ಮುಂದಿನ ತಿಂಗಳಿಂದ ಹೊಸ ಮ್ಯಾನೇಜ್‌ಮೆಂಟ್ ಬರುತ್ತಂತೆ. ಟೆನೆಂಟ್‌ಗಳೆಲ್ಲ ಹೊಸ ಫಾರ್ಮ್ ತುಂಬಿ ಹೊಸ ರೂಲ್ಸ್‌ಗೆ ಸೈನ್ ಮಾಡಬೇಕು, ಮೇಂಟೆನೆನ್ಸ್ ಜಾಸ್ತಿ ಆಗುತ್ತೆ ಅಂತ ಲಿಫ್ಟಲ್ಲಿ ನೋಟಿಸ್ ಅಂಟಿಸಿದ್ದಾರೆ. ನಮ್ಮ ಅಗ್ರಿಮೆಂಟ್ ಇನ್ನೂ ಮುಗಿದಿಲ್ಲ. ಅಡ್ವಾನ್ಸ್ ಏನಾಗುತ್ತೆ, ಖಾಲಿ ಮಾಡಿ ಅಂದ್ರೆ ಮಾಡ್ಲೇಬೇಕಾ?

ಉತ್ತರ:

ಖಾಲಿ ಮಾಡಬೇಕಾಗಿಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ನಿಮ್ಮ ಅಗ್ರಿಮೆಂಟ್ ಇರೋದು ಫ್ಲ್ಯಾಟ್ ಓನರ್ ಜೊತೆ, ಅಡ್ವಾನ್ಸ್ ಕೊಟ್ಟಿರೋದು ಅವರಿಗೆ, ಬಾಡಿಗೆ ಹೋಗ್ತಿರೋದೂ ಅವರ ಅಕೌಂಟಿಗೆ. ಮ್ಯಾನೇಜ್‌ಮೆಂಟ್ ಅನ್ನೋರು ಆ ಕಾಗದದಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದನ್ನ ತಿದ್ದೋಕಾಗ್ಲಿ ಮುರಿಯೋಕಾಗ್ಲಿ ಅವರಿಗೆ ಹಕ್ಕಿಲ್ಲ. ಆದ್ರೆ ಗೇಟು, ಲಿಫ್ಟು, ನೀರಿನ ವಾಲ್ವು, ಜನರೇಟರ್ ಸ್ವಿಚ್ಚು, ಆ್ಯಪು ಎಲ್ಲಾ ಅವರ ಕೈಲೇ ಇರೋದ್ರಿಂದ ದಿನಾ ತಲೆನೋವು ಶುರುವಾಗೋದು ಅಲ್ಲಿಂದ, ಕೋರ್ಟ್ ಮಟ್ಟದ ಜಗಳ ತುಂಬಾ ಕಮ್ಮಿ.

ಮೊದ್ಲು ಒಂದು ವಿಷಯ ವಿಚಾರಿಸಿ, ಬದಲಾಗ್ತಿರೋದು ಯಾರು ಅಂತ. ಬಿಲ್ಡರ್ ಕೈಲಿದ್ದ ಮೇಂಟೆನೆನ್ಸ್ ಓನರ್‌ಗಳ ಅಸೋಸಿಯೇಷನ್‌ಗೆ ಹೋಗ್ತಿದ್ಯಾ, ಇಲ್ಲಾ ಅಸೋಸಿಯೇಷನ್ ಹಳೇದೇ ಇದ್ದು ಸೆಕ್ಯುರಿಟಿ, ಹೌಸ್‌ಕೀಪಿಂಗ್ ನೋಡ್ಕೊಳ್ಳೋ ಏಜೆನ್ಸಿ ಮಾತ್ರ ಬದಲಾಗ್ತಿದ್ಯಾ, ಇಲ್ಲಾ ಇಡೀ ಬಿಲ್ಡಿಂಗೇ ಮಾರಾಟ ಆಗ್ತಿದ್ಯಾ. ಹೊರಗಿಂದ ನೋಡಿದ್ರೆ ಮೂರೂ ಒಂದೇ ಥರ, ಹೊಸ ಯೂನಿಫಾರ್ಮು, ಹೊಸ ಎಸ್ಟೇಟ್ ಮ್ಯಾನೇಜರ್ರು, ಹೊಸ ನೋಟಿಸು. ಆದ್ರೆ ಅಡ್ವಾನ್ಸ್ ಬಗ್ಗೆ ನಿಜವಾಗ್ಲೂ ಯೋಚನೆ ಮಾಡಬೇಕಾಗಿರೋದು ಮೂರನೇದರಲ್ಲಿ ಮಾತ್ರ.

ಬಿಲ್ಡರ್‌ನಿಂದ ಅಸೋಸಿಯೇಷನ್‌ಗೆ ಹೋಗೋದು ಹೊಸ ಪ್ರಾಜೆಕ್ಟ್‌ಗಳಲ್ಲಿ ಮಾಮೂಲಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಅಸೋಸಿಯೇಷನ್ ವಹಿಸ್ಕೊಳ್ಳೋವರೆಗೂ ಅಗತ್ಯ ಸೇವೆಗಳನ್ನ ನಡೆಸೋ ಜವಾಬ್ದಾರಿ ಬಿಲ್ಡರ್‌ದೇ. ಹ್ಯಾಂಡೋವರ್ ಆದ್ಮೇಲೆ ಏನಾಗುತ್ತೆ ಅಂದ್ರೆ, ಬಾತ್‌ರೂಮ್ ಸೀಲಿಂಗಲ್ಲಿ ಸೀಪೇಜ್ ಅಂದ ತಕ್ಷಣ ಬರ್ತಿದ್ದ ಬಿಲ್ಡರ್ ಕಡೆಯ ಹುಡುಗ್ರು ಕಾಣೆಯಾಗ್ತಾರೆ, ಹೊಸ ಆಫೀಸಲ್ಲಿ ಕೇಳಿದ್ರೆ "ಫ್ಲ್ಯಾಟ್ ಒಳಗಡೆ ನಮ್ದಲ್ಲ, ಚಾರ್ಜ್ ಆಗುತ್ತೆ" ಅಂತಾರೆ. ಅವರು ಹೇಳೋದು ಪೂರ್ತಿ ತಪ್ಪಲ್ಲ, ಆದ್ರೆ ಪೊಸೆಷನ್ ಕೊಟ್ಟು 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡ್ರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ದುಡ್ಡು ಇಸ್ಕೊಳ್ಳದೆ ಸರಿ ಮಾಡಿಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಕಂಪ್ಲೇಂಟ್ ಕೊಡಬೇಕಾಗಿರೋದು ಓನರ್, ನೀವಲ್ಲ. ನೀವು ಫೋಟೋ ತೆಗೆದು ಓನರ್‌ಗೆ ಮೇಲ್ ಹಾಕಿ, ಜೇಬಿಂದ ಪ್ಲಂಬರ್‌ಗೆ ಕೊಡೋಕೆ ಮುಂಚೆ.

ಏಜೆನ್ಸಿ ಬದಲಾವಣೆ ಇನ್ನೂ ಸಣ್ಣದು, ಆದ್ರೂ ಮೊದಲ ಒಂದೆರಡು ತಿಂಗಳು ಪ್ರಾಣ ತಿನ್ನುತ್ತೆ. ನಿಮ್ಮ ಮಗು ಯಾವ ಸ್ಕೂಲ್ ವ್ಯಾನಲ್ಲಿ ಹೋಗುತ್ತೆ, ಅಜ್ಜಿ ಎಷ್ಟೊತ್ತಿಗೆ ವಾಕಿಂಗ್ ಹೋಗ್ತಾರೆ ಅಂತ ಗೊತ್ತಿದ್ದ ಗಾರ್ಡು ಹೋಗಿರ್ತಾರೆ, ಹೊಸಬ್ರು ಊರಿಂದ ಬಂದ ನೆಂಟರನ್ನ ಗೇಟಲ್ಲೇ ಬ್ಯಾಗ್ ಸಮೇತ ನಿಲ್ಲಿಸಿ ಆ್ಯಪಲ್ಲಿ ಅಪ್ರೂವಲ್ ಬರೋವರೆಗೂ ಕಾಯಿಸ್ತಾರೆ. ಮೈಗೇಟ್ ಇದ್ದ ಕಡೆ ಅಡ್ಡಾ, ಅಡ್ಡಾ ಇದ್ದ ಕಡೆ ನೋಬ್ರೋಕರ್‌ಹುಡ್ ಅಂತ ಆ್ಯಪೂ ಬದಲಾದ್ರೆ ಕೆಲಸದವರು, ಅಡುಗೆಯವರು, ಡ್ರೈವರು ಎಲ್ಲರದ್ದೂ ಮತ್ತೆ ರಿಜಿಸ್ಟರ್ ಮಾಡಿಸಬೇಕು. ಕೆಲಸದಾಕೆ ಬೆಳಗ್ಗೆ 7ಕ್ಕೆ ಬಂದು ಗೇಟಲ್ಲಿ ಪಾಸ್ ಇಲ್ಲ ಅಂತ ವಾಪಸ್ ಹೋದ್ರೆ ಅವತ್ತಿನ ಕಥೆ ಮುಗೀತು, ಅದಕ್ಕೇ ಬದಲಾಗೋ ದಿನಕ್ಕೆ ಮುಂಚೆನೇ ಅವರ ಎಂಟ್ರಿ ಮಾಡಿಸಿಡಿ. ಇನ್ನೊಂದು, ಹೊಸ ಆ್ಯಪಲ್ಲಿ ನಿಮ್ಮನ್ನ ಟೆನೆಂಟ್ ಅಂತ ಸೇರಿಸೋದು ಸಾಮಾನ್ಯವಾಗಿ ಓನರ್ ಒಪ್ಪಿಗೆ ಮೇಲೆ, ಓನರ್ ಅಮೆರಿಕಾದಲ್ಲೋ ದುಬೈಲೋ ಇದ್ರೆ ಆ ಒಂದು ಕ್ಲಿಕ್ಕಿಗೆ ವಾರಗಟ್ಟಲೆ ಕಾಯೋ ಹಾಗಾಗುತ್ತೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಎಲ್ಲರಿಗೂ ಬೇಕಾಗಿರೋದು ಇದೇ ಅಲ್ವಾ.

ಮೇಂಟೆನೆನ್ಸ್ ಹೆಚ್ಚಿಸೋದು ಅಸೋಸಿಯೇಷನ್ ಹಕ್ಕು, ಆದ್ರೆ ಹೆಚ್ಚಾದ ದುಡ್ಡನ್ನ ಯಾರು ಕೊಡಬೇಕು ಅನ್ನೋದು ನಿಮ್ಮ ಅಗ್ರಿಮೆಂಟಲ್ಲಿದೆ. ಅದನ್ನ ತೆಗೆದು ಓದಿ, ಸುಮ್ನೆ ಅಂದಾಜು ಮಾಡಬೇಡಿ. "ಮೇಂಟೆನೆನ್ಸ್ ಸೇರಿ ಬಾಡಿಗೆ ಇಷ್ಟು" ಅಂತಿದ್ರೆ ಅವಧಿ ಮುಗಿಯೋವರೆಗೂ ಹೆಚ್ಚಿನದ್ದು ಓನರ್ ತಲೆಮೇಲೆ. "ಮೇಂಟೆನೆನ್ಸ್ ಬಾಡಿಗೆದಾರರು ಕಟ್ಟತಕ್ಕದ್ದು" ಅಂತ ಮೊತ್ತ ಹಾಕದೇ ಬರೆದಿದ್ರೆ, ಬೇಜಾರಾದ್ರೂ ನಿಮ್ಮ ಮೇಲೇ ಬೀಳುತ್ತೆ. ಆಗಲೂ ಒಂದು ವ್ಯತ್ಯಾಸ ನೋಡ್ಕೊಳ್ಳಿ, ತಿಂಗಳ ಖರ್ಚು ಬೇರೆ, ಕಾರ್ಪಸ್ ಫಂಡು, ಸಿಂಕಿಂಗ್ ಫಂಡು ಅಂತ ಮುಂದಿನ ದೊಡ್ಡ ಖರ್ಚಿಗೆ ಕೂಡಿಡೋ ದುಡ್ಡು, ಬಣ್ಣ ಹೊಡಿಸೋಕೆ ಒಂದೇ ಸಲ ಎತ್ತೋ ದುಡ್ಡು ಬೇರೆ. ಆಸ್ತಿಯ ಆಯಸ್ಸು ಹೆಚ್ಚಿಸೋ ಖರ್ಚು ಆಸ್ತಿ ಇರೋರು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ, ಓನರ್ ಜೊತೆ ಹಾಗೇ ಮಾತಾಡಿ, ಹೆಚ್ಚಿನವರು ಒಪ್ಕೊಳ್ತಾರೆ.

ಜಿಎಸ್‌ಟಿ ಅನ್ನೋದು ಇಲ್ಲಿ ಗಮನಕ್ಕೆ ಬರದೇ ಹೊಡೆಯೋ ಏಟು. ತಿಂಗಳ ಮೇಂಟೆನೆನ್ಸ್ ಒಬ್ಬ ಸದಸ್ಯರಿಗೆ 7,500 ರೂಪಾಯಿ ದಾಟಿ, ಜೊತೆಗೆ ಅಸೋಸಿಯೇಷನ್ನಿನ ವರ್ಷದ ವಹಿವಾಟೂ 20 ಲಕ್ಷ ದಾಟಿದ್ರೆ, 18% ಜಿಎಸ್‌ಟಿ ಬೀಳುತ್ತೆ. 1,500 ಚದರಡಿ ಮನೆ ಅಂದ್ಕೊಳ್ಳಿ, ಚದರಡಿಗೆ 5 ರೂಪಾಯಿ ಇದ್ದಾಗ ಸರಿಯಾಗಿ 7,500, ಟ್ಯಾಕ್ಸ್ ಇಲ್ಲ. ಹೊಸಬ್ರು ಬಂದು ಬರೀ 50 ಪೈಸೆ ಏರಿಸಿದ್ರು ಅಂದ್ರೆ 8,250 ಆಗುತ್ತೆ, ಅದಕ್ಕೆ ಪೂರ್ತಿ ಟ್ಯಾಕ್ಸ್ ಹಾಕಿದ್ರೆ 1,485 ಸೇರಿ 9,735. ಐವತ್ತು ಪೈಸೆ ಅಂತ ಮೀಟಿಂಗಲ್ಲಿ ಕೈ ಎತ್ತಿದವರಿಗೆ ತಿಂಗಳಿಗೆ 2,235 ಜಾಸ್ತಿ! 7,500 ಮೀರಿದ ಭಾಗಕ್ಕೆ ಮಾತ್ರ ಟ್ಯಾಕ್ಸ್ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತ್ತು, ಆ ಲೆಕ್ಕದಲ್ಲಾದ್ರೆ ಟ್ಯಾಕ್ಸು 135 ಅಷ್ಟೇ, ಆದ್ರೆ 2019ರ ಸರ್ಕಾರಿ ಸುತ್ತೋಲೆ ಪೂರ್ತಿ ಮೊತ್ತಕ್ಕೆ ಅನ್ನುತ್ತೆ. ಬಿಲ್ಲಲ್ಲಿ ಯಾವ ಲೆಕ್ಕ ಹಿಡಿದಿದ್ದಾರೆ ಅಂತ ಆಫೀಸಲ್ಲಿ ಕೇಳಿ, ಕೇಳೋಕೆ ಓನರ್ ಆಗಿರಬೇಕಿಲ್ಲ. ಕರೆಂಟಿಗೆ ನಿಮ್ಮ ಮನೆಗೇ ಬೇರೆ ಬೆಸ್ಕಾಂ ಮೀಟರ್ ಇದ್ರೆ ಆ ಬಿಲ್ಲಿಗೂ ಇವರಿಗೂ ಸಂಬಂಧ ಇಲ್ಲ, ಜನರೇಟರ್ ಯೂನಿಟ್ ರೇಟು ಮಾತ್ರ ಇವರು ಹಾಕೋದು, ಹ್ಯಾಂಡೋವರ್ ದಿನ ಆ ಮೀಟರಿಂದೂ ನೀರಿನ ಮೀಟರಿಂದೂ ಫೋಟೋ ತೆಗೆದಿಟ್ಕೊಳ್ಳಿ.

ಹೊಸ ಮ್ಯಾನೇಜ್‌ಮೆಂಟ್ ಬಂದ್ರೆ ಮೊದ್ಲು ಮಾಡೋ ಕೆಲಸ ಹಳೇ ಬಾಕಿ ವಸೂಲಿ, ಇದ್ರಲ್ಲಿ ಬಾಡಿಗೆದಾರರು ಸುಮ್ಸುಮ್ನೆ ಸಿಕ್ಕಿಹಾಕ್ಕೊಳ್ತಾರೆ. ನೀವು ಪ್ರತಿ ತಿಂಗಳೂ ಓನರ್‌ಗೆ ಕೊಟ್ಟಿರ್ತೀರ, ಅವರು ಅಸೋಸಿಯೇಷನ್‌ಗೆ ಕಟ್ಟಿರಲ್ಲ, ಒಂದಿನ ನಿಮ್ಮ ಆ್ಯಪ್ ಬ್ಲಾಕು, ಪವರ್ ಬ್ಯಾಕಪ್ ಬಂದ್, ನೋಟಿಸ್ ಬೋರ್ಡಲ್ಲಿ ಫ್ಲ್ಯಾಟ್ ನಂಬರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲಿ ಕಟ್ಟದ ಮೇಂಟೆನೆನ್ಸ್ ಆ ಫ್ಲ್ಯಾಟಿನ ಮೇಲಿನ ಸಾಲ ಇದ್ದಂಗೆ, ಅಂದ್ರೆ ಆಸ್ತಿ ಮೇಲೆ ಕೂರುತ್ತೆ, ನಿಮ್ಮ ಮೇಲಲ್ಲ. ಕರೆಂಟು ಮೂಲಭೂತ ಸೌಲಭ್ಯ, ಓನರ್ ಎನ್‌ಒಸಿ (ನಮ್ಮ ತಕರಾರಿಲ್ಲ ಅನ್ನೋ ಪತ್ರ) ಕೊಟ್ಟಿಲ್ಲ ಅನ್ನೋ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನ ನಿರಾಕರಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಜಗಳ ಮಾಡ್ತಾ ಕೂತ್ರೆ ನಲ್ಲಿಲಿ ನೀರು ಬರಲ್ಲ ಅಲ್ವಾ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಒಂದು ದಾರಿ ಇದೆ: 1882ರ ಆಸ್ತಿ ವರ್ಗಾವಣೆ ಕಾಯ್ದೆ ಸೆಕ್ಷನ್ 108ರ ಪ್ರಕಾರ, ಓನರ್ ಕಟ್ಟಬೇಕಾದ ದುಡ್ಡನ್ನ ಅವರು ಕಟ್ಟದೇ ಬಿಟ್ಟು, ಅದು ಬಾಡಿಗೆದಾರರಿಂದ ಅಥವಾ ಆ ಆಸ್ತಿಯಿಂದ ವಸೂಲಾಗೋ ಥರದ್ದಾದ್ರೆ, ಬಾಡಿಗೆದಾರರೇ ಕಟ್ಟಿ ಬಾಡಿಗೆಯಲ್ಲಿ ಬಡ್ಡಿ ಸಮೇತ ಮುರ್ಕೋಬಹುದು. ಅಗ್ರಿಮೆಂಟಲ್ಲಿ ಇದಕ್ಕೆ ವಿರುದ್ಧವಾಗಿ ಬರೆದಿರಬಾರದು, ಕಟ್ಟೋಕೆ ಮುಂಚೆ ಓನರ್‌ಗೆ ಮೇಲಲ್ಲಿ ತಿಳಿಸಿರಬೇಕು, ರಸೀದಿ ನಿಮ್ಮ ಹತ್ರ ಇರಬೇಕು.

ಇನ್ನು ನೋಟಿಸಲ್ಲಿ ಹೇಳಿದ ಆ ಫಾರ್ಮಿಗೆ ಸೈನ್ ಮಾಡೋದಾ ಬೇಡ್ವಾ ಅಂದ್ರೆ, ವಾಹನ ನಂಬರು, ಮನೇಲಿ ಎಷ್ಟು ಜನ, ಎಮರ್ಜೆನ್ಸಿ ಫೋನ್ ನಂಬರು ಇಷ್ಟಕ್ಕೆ ಸೈನ್ ಮಾಡಿ. ಬೈಲಾ (ಅಸೋಸಿಯೇಷನ್ನಿನ ನಿಯಮಾವಳಿ) ಪಾಲಿಸ್ತೀವಿ ಅನ್ನೋದಕ್ಕೂ ತಕರಾರು ಬೇಡ, ಮೇಲೆ ಹೇಳಿದ 1972ರ ಕಾಯ್ದೆ ಬೈಲಾನ ಬಾಡಿಗೆದಾರರಿಗೂ ಅನ್ವಯಿಸುತ್ತೆ (ಬೆಂಗಳೂರಲ್ಲಿ ಎಷ್ಟೋ ಅಸೋಸಿಯೇಷನ್‌ಗಳು 1960ರ ಸೊಸೈಟೀಸ್ ಕಾಯ್ದೆ ಕೆಳಗೆ ನೋಂದಣಿ ಆಗಿವೆ, ಅದು ಬೇರೆನೇ ರಾಮಾಯಣ). ಆದ್ರೆ ಫಾರ್ಮಿನ ಮಧ್ಯದಲ್ಲಿ "ಅಸೋಸಿಯೇಷನ್ ಕೇಳಿದಾಗ 7 ದಿನದಲ್ಲಿ ಮನೆ ಖಾಲಿ ಮಾಡ್ತೀನಿ", "ಓನರ್ ಬಾಕಿಗೆ ನಾನು ಜವಾಬ್ದಾರ" ಅನ್ನೋ ಥರ ಸಾಲು ತುರುಕಿದ್ರೆ ಅದನ್ನ ಹೊಡೆದುಹಾಕಿ ಸೈನ್ ಮಾಡಿ, ಓನರ್‌ಗೂ ಒಂದು ಕಾಪಿ ಕಳಿಸಿ. ಬೈಲಾ ಕಾಪಿ ಕೇಳಿ ಓದಿ, ಲಿಫ್ಟಲ್ಲಿ ಅಂಟಿಸಿದ್ದೆಲ್ಲಾ ಬೈಲಾ ಅಲ್ಲ. ವೋಟು ಓನರ್‌ಗಳಿಗೆ ಮಾತ್ರ, ಎಜಿಎಂಗೆ (ವಾರ್ಷಿಕ ಸಭೆಗೆ) ಹೋಗಿ ಕೂತ್ರೂ ನಿಮ್ಮ ಕೈ ಲೆಕ್ಕಕ್ಕಿಲ್ಲ, ಅರ್ಧ ಫ್ಲ್ಯಾಟಲ್ಲಿ ಬಾಡಿಗೆಯವರೇ ಇರೋ ಕಡೆಯೂ ಹೀಗೇ, ಇದು ಸರಿಯಲ್ಲ ಅಂತ ನನಗನ್ಸುತ್ತೆ ಆದ್ರೆ ಸದ್ಯಕ್ಕೆ ಇರೋದು ಹೀಗೆ. ನಾಯಿ ಸಾಕಿದ್ರೆ ಭಯ ಬೇಡ, ಸಾಕುಪ್ರಾಣಿ ನಿಷೇಧ ಮಾಡೋ ಹಾಗಿಲ್ಲ, ಲಿಫ್ಟಲ್ಲಿ ಬರಬೇಡಿ ಅನ್ನೋ ಹಾಗೂ ಇಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ಇದೆ, ಬಾಡಿಗೆದಾರರಿಗೂ ಸೇರಿ.

ಇನ್ನು ಮೂರನೇದು, ಫ್ಲ್ಯಾಟೋ ಇಡೀ ಬಿಲ್ಡಿಂಗೋ ಮಾರಾಟ ಆದ್ರೆ. ಕೊಂಡವರು ಹಳೇ ಓನರ್ ಜಾಗದಲ್ಲಿ ಬಂದು ನಿಲ್ತಾರೆ, ನಿಮ್ಮ ಅಗ್ರಿಮೆಂಟ್ ಹಾಗೇ ಮುಂದುವರಿಯುತ್ತೆ, ಇದು ಅದೇ 1882ರ ಕಾಯ್ದೆಯ ಸೆಕ್ಷನ್ 109. ಮಾರಾಟದ ವಿಷಯ ಗೊತ್ತಿಲ್ಲದೇ ಹಳಬರಿಗೇ ಬಾಡಿಗೆ ಹಾಕಿದ್ರೆ ಹೊಸಬರಿಗೆ ಮತ್ತೆ ಕೊಡಬೇಕಾಗಿಲ್ಲ. ಅಡ್ವಾನ್ಸ್ ವಿಷಯ ಮಾತ್ರ ಆ ಸೆಕ್ಷನ್ನಲ್ಲಿ ಬಿಡಿಸಿ ಬರೆದಿಲ್ಲ, ಹಾಗಾಗಿ ಇಷ್ಟು ಅಡ್ವಾನ್ಸ್ ನನಗೆ ಬಂದಿದೆ, ಖಾಲಿ ಮಾಡುವಾಗ ನಾನೇ ವಾಪಸ್ ಕೊಡ್ತೀನಿ ಅಂತ ಹೊಸ ಓನರ್ ಕೈಲಿ ಪತ್ರ ಬರೆಸ್ಕೊಳ್ಳೋವರೆಗೂ ಬಿಡಬೇಡಿ, ಹಳಬರ ಸಹಿಯೂ ಇದ್ರೆ ಇನ್ನೂ ಒಳ್ಳೇದು. ಆರು ತಿಂಗಳು, ಹತ್ತು ತಿಂಗಳು ಅಂತ ಅಡ್ವಾನ್ಸ್ ಇಸ್ಕೊಳ್ಳೋ ಊರಿದು, ಲಕ್ಷಗಟ್ಟಲೆ ಮಾತು. ಹೊಸಬರ ಪ್ಯಾನ್ ನಂಬರೂ ಇಸ್ಕೊಳ್ಳಿ, ಆಫೀಸಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ತೋರಿಸೋಕೆ ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಬೇಕೇ ಬೇಕು.

ಕೋ-ಲಿವಿಂಗಲ್ಲಿ, ಅಂದ್ರೆ ಕಂಪನಿ ನಡೆಸೋ ಹಂಚಿಕೆ ಮನೆಗಳಲ್ಲಿ ಇರೋರು ಇನ್ನೂ ಹುಷಾರಾಗಿರಬೇಕು. ಅಲ್ಲಿ ನಿಮ್ಮ ಅಗ್ರಿಮೆಂಟ್ ಇರೋದೇ ನಡೆಸೋ ಕಂಪನಿ ಜೊತೆ, ಬಿಲ್ಡಿಂಗ್ ಓನರ್ ಯಾರು ಅಂತಾನೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಕಂಪನಿ ಬಿಟ್ಟು ಹೋಗಿ ಇನ್ನೊಬ್ರು ಬಂದ್ರೆ "ನಿಮ್ಮ ಡೆಪಾಸಿಟ್ ನಮಗೆ ಬಂದಿಲ್ಲ" ಅಂತಾರೆ. ಬದಲಾವಣೆ ಸುದ್ದಿ ಬಂದ ದಿನವೇ ಹಳೇ ಕಂಪನಿಗೆ ಮೇಲ್ ಹಾಕಿ ಲೆಕ್ಕ ಚುಕ್ತಾ ಕೇಳಿ.

ಅಗ್ರಿಮೆಂಟ್ ಅವಧಿ ಮುಗಿದು ಹಾಗೇ ತಿಂಗಳ ಬಾಡಿಗೆ ಮೇಲೆ ನಡೀತಿದ್ರೆ 15 ದಿನದ ನೋಟಿಸ್ ಸಾಕು ನಿಮ್ಮನ್ನ ಎಬ್ಬಿಸೋಕೆ, ಅಂಥವರು ಈಗ್ಲೇ ರಿನ್ಯೂ ಮಾಡಿಸಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಬೆಂಗಳೂರಂಥ ಊರಲ್ಲಿ ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆ ಇರೋ ಮನೆಗೆ ಅದು ಅನ್ವಯಿಸಲ್ಲ. ಆ ರೇಟಿಗೆ ಇವತ್ತು ಪಾರ್ಕಿಂಗ್ ಜಾಗ ಸಿಗಬಹುದು ಅಷ್ಟೇ.

ಇಷ್ಟೆಲ್ಲಾ ಆಗಿ ನೀವೇ ಬಿಟ್ಟು ಹೋಗೋಣ ಅಂದ್ಕೊಂಡ್ರೆ, ಲಾಕ್-ಇನ್ ಅವಧಿ (ಮುಗಿಯೋವರೆಗೂ ಬಿಡೋ ಹಾಗಿಲ್ಲ ಅಂತ ಅಗ್ರಿಮೆಂಟಲ್ಲಿ ಬರೆದಿರೋದು) ನೋಡ್ಕೊಳ್ಳಿ, ಮ್ಯಾನೇಜ್‌ಮೆಂಟ್ ಸರಿಯಿಲ್ಲ ಅನ್ನೋದು ಅದನ್ನ ಮುರಿಯೋ ಕಾರಣ ಆಗಲ್ಲ. ಮೂವ್-ಔಟ್ ಚಾರ್ಜು ಎಷ್ಟು, ಭಾನುವಾರ ಶಿಫ್ಟಿಂಗ್ ಬಿಡ್ತಾರಾ, ಓನರ್ ಕಡೆಯಿಂದ ಎನ್‌ಒಸಿ ಮೇಲ್ ಬೇಕಾ ಅಂತ ಒಂದು ವಾರ ಮುಂಚೆ ಆಫೀಸಲ್ಲಿ ಕೇಳಿ, ಯಾಕಂದ್ರೆ ಆ ಮೇಲ್ ಬಂದಿಲ್ಲ ಅಂದ್ರೆ ಸಾಮಾನು ತುಂಬಿದ ಲಾರಿ ಗೇಟ್ ದಾಟಲ್ಲ, ಪ್ಯಾಕರ್ಸ್‌ನವರು ವೇಟಿಂಗ್ ಚಾರ್ಜ್ ಹಾಕೋದು ನಿಮಗೆ.