ಯುಕಿ, ಯೂಕಿ: ಒಂದು ಮಾತ್ರೆಯ ಅಂತರ

ಜಪಾನೀಸ್ ಕಲಿಯತೊಡಗಿದವರಿಗೆ ಬೇಗ ಎದುರಾಗುವ ಹೆಸರು ಯುಕಿ. ಇಂಗ್ಲಿಷ್ ಅಕ್ಷರ ನಂಬಿ ಓದಿದರೆ ಇಲ್ಲಿ ಎಡವುತ್ತೇವೆ. ಜಪಾನಿನ ಪಾಸ್‌ಪೋರ್ಟಿನಲ್ಲಿ ಊಕಾರದ ದೀರ್ಘವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಯುಕಿಗೂ ಯೂಕಿಗೂ ಒಂದೇ ಸ್ಪೆಲಿಂಗ್. ಆದರೆ ಇವೆರಡೂ ಬೇರೆ ಬೇರೆ ಹೆಸರುಗಳು, ನಮ್ಮ ಹುಳು ಮತ್ತು ಹೂಳು ಇದ್ದಹಾಗೆ.

ಆದ್ದರಿಂದ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ಮಾತ್ರೆ ಎಣಿಸಿ. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ಚೆನ್ನಾಗಿ ಒದಗುತ್ತದೆ. ಯುಕಿ ಎರಡು ಮಾತ್ರೆ, ಉಚ್ಚಾರಣೆಯಂತೆ ಬರೆಯುವ ಹಿರಾಗಾನ ಲಿಪಿಯಲ್ಲಿ ಎರಡೇ ಅಕ್ಷರ. ಯೂಕಿ ಮೂರು ಮಾತ್ರೆ, ಅಕ್ಷರವೂ ಮೂರು: ಯು-ಉ-ಕಿ. ಟೈಪ್ ಮಾಡುವಾಗ ನಡುವಿನ ‘ಉ’ ಬಿಟ್ಟುಹೋದರೆ ‘ಧೈರ್ಯ’ (ಯೂಕಿ) ಬರಬೇಕಾದಲ್ಲಿ ‘ಹಿಮ’ (ಯುಕಿ) ಬಂದು ಕೂರುತ್ತದೆ.

ಹ್ರಸ್ವದ ಯುಕಿ ಎಂದರೆ ಹಿಮ. ಅದರ ಕಾಂಜಿಗೆ, ಅಂದರೆ ಅರ್ಥ ಸೂಚಿಸುವ ಚೀನೀ ಮೂಲದ ಅಕ್ಷರಕ್ಕೆ, 11 ಗೆರೆ: ಮೇಲೆ ‘ಮಳೆ’ಯ 8, ಕೆಳಗೆ ಎಡಕ್ಕೆ ಹಲ್ಲು ಚಾಚಿದ ಬಾಚಣಿಗೆಯಂಥ 3. ಬಾಚಣಿಗೆಯ ನಡುಹಲ್ಲು ಬಲಗಡೆಯ ಗೆರೆಯನ್ನು ದಾಟಿ ಹೊರಗೆ ಚಾಚಬಾರದು. ಹೊಸಬರು ಹೆಚ್ಚಾಗಿ ತಪ್ಪುವುದು ಅಲ್ಲೇ. ಟೋಕಿಯೊ ಉಚ್ಚಾರಣೆಯಲ್ಲಿ ಹಿಮಕ್ಕೆ ‘ಯು’ ತಗ್ಗು ದನಿ, ‘ಕಿ’ ಎತ್ತರದ ದನಿ. ಹೆಸರಾದಾಗ ತಿರುಗಾಮುರುಗಾ: ‘ಯು’ ಎತ್ತರ, ‘ಕಿ’ ತಗ್ಗು.

ಹೆಸರಿನಲ್ಲಿ ಹಿಮವೇ ಇರಬೇಕೆಂದೇನಿಲ್ಲ. ‘ಸುಖ, ಭಾಗ್ಯ’ ಎಂಬ ಒಂದೇ ಕಾಂಜಿಯನ್ನೂ ಯುಕಿ ಎಂದು ಓದುತ್ತಾರೆ. ಅದನ್ನೇ ಸಾಚಿ ಎಂದೂ ಓದಬಹುದು. ಹಿರೊಯುಕಿಯಂಥ ಗಂಡು ಹೆಸರುಗಳ ಕೊನೆಯಲ್ಲಿ ಬರುವ ಯುಕಿ ಎಷ್ಟೋ ಸಲ ‘ಹೋಗು’ ಎಂಬ ಕಾಂಜಿ. ರೈಲಿನ ಫಲಕದ ‘ಟೋಕಿಯೊ-ಯುಕಿ’ಯಲ್ಲಿ ಇರುವುದೂ ಅದೇ, ಟೋಕಿಯೊಗೆ ಹೋಗುವ ಗಾಡಿ ಎಂದರ್ಥ. 1984ರಿಂದ 10,000 ಯೆನ್ ನೋಟಿನ ಮೇಲಿದ್ದ ಫುಕುಜಾವಾ ಯುಕಿಚಿಯ ಹೆಸರನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅದು ಒಡೆಯುವುದು ಯು-ಕಿಚಿ ಎಂದು.

ದೀರ್ಘದ ಯೂಕಿ ಗಂಡಿಗೂ ಹೆಣ್ಣಿಗೂ ಇಡುವ ಹೆಸರು. ಮಾತಿನಲ್ಲಿ ಯೂಕಿ ಎಂದರೆ ಧೈರ್ಯ. ತರಕಾರಿ ಅಂಗಡಿಯಲ್ಲಿ ‘ಯೂಕಿ ಯಸಾಯ್’ ಎಂದರೆ ಸಾವಯವ ತರಕಾರಿ. ಇಬರಾಕಿ ಪ್ರಾಂತ್ಯದಲ್ಲಿ ಯೂಕಿ ಎಂಬ ಊರೇ ಇದೆ. ಅಲ್ಲಿನ ರೇಷ್ಮೆ ನೇಯ್ಗೆ ‘ಯೂಕಿ-ತ್ಸುಮುಗಿ’ 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಯೂಕಿ ಮನೆತನದ ಹೆಸರಾಗಿಯೂ ಇದೆ.

ಇಷ್ಟೆಲ್ಲ ತಿಳಿದಿದ್ದರೂ ಒಬ್ಬರ ಹೆಸರಿನ ಅರ್ಥವನ್ನು ಬರೀ ಕಿವಿಯಿಂದ ಹೇಳಲಾಗದು. ಹೆಸರಿಗೆ ಬಳಸಬಹುದಾದ ಕಾಂಜಿಗಳಿಗೆ ಕಾನೂನಿನ ಮಿತಿಯಿದೆ: ನಿತ್ಯಬಳಕೆಯ 2136, ಹೆಸರಿಗೆಂದೇ ಇರುವ 863. ಓದುವ ಬಗೆಗೆ ಅಷ್ಟು ಬಿಗಿಯಿಲ್ಲ. ಕುಟುಂಬ ನೋಂದಣಿಯಲ್ಲಿ ಉಚ್ಚಾರಣೆಯನ್ನೂ ದಾಖಲಿಸುವ ನಿಯಮ ಜಾರಿಗೆ ಬಂದದ್ದೇ 2025ರ ಮೇ 26ರಂದು.

ಹಾಗಾಗಿ ಕೇಳಿಬಿಡಿ: ‘ದೊನ್ನ ಕಾಂಜಿ ದೆಸು ಕಾ?’ ಎಂಥ ಕಾಂಜಿ ಎಂದು ಕೇಳುವುದು ಅಲ್ಲಿ ಸಹಜ, ಯಾರೂ ಬೇಸರಪಡುವುದಿಲ್ಲ. ಉತ್ತರ ಪರಿಚಿತ ಪದಗಳ ಮೂಲಕ ಬರುತ್ತದೆ: ‘ಜಿಯೂ ನೊ ಯೂ, ಸೇಕಿ ನೊ ಕಿ’. ಅಂದರೆ ‘ಸ್ವಾತಂತ್ರ್ಯ’ದಲ್ಲಿರುವ ಯೂ, ‘ಶತಮಾನ’ದಲ್ಲಿರುವ ಕಿ. ಇಲ್ಲಿ ‘ಯೂ’ ದೀರ್ಘವಾಗಿ ಕೇಳಿಸಿತೆಂದು ಹೆಸರನ್ನು ತಿದ್ದಲು ಹೋಗಬೇಡಿ. ಅವರು ಹೇಳುತ್ತಿರುವುದು ಯಾವ ಕಾಂಜಿ ಎಂದಷ್ಟೇ. ಹೆಸರು ಹ್ರಸ್ವದ ಯುಕಿಯೇ ಇರಬಹುದು.