ಪ್ಲ್ಯಾಟೋ ಅಂದ್ರೇನು? ಇಳಿಯುತ್ತಿದ್ದ ತೂಕ ನಿಂತಲ್ಲೇ ನಿಂತಾಗ

ಮೊದಲೇ ಹೇಳಿಬಿಡುತ್ತೇನೆ, ಇದು ಗ್ರೀಕ್ ತತ್ವಜ್ಞಾನಿ ಪ್ಲೇಟೋ ಬಗ್ಗೆ ಅಲ್ಲ. ಆದರೆ ಎರಡು ಪದಕ್ಕೂ ದೂರದ ನೆಂಟಸ್ತಿಕೆ ಇದೆ. ಗ್ರೀಕ್‌ನಲ್ಲಿ ‘ಪ್ಲಾಟಿಸ್’ ಅಂದರೆ ಅಗಲವಾದದ್ದು, ಚಪ್ಪಟೆಯಾದದ್ದು. ತತ್ವಜ್ಞಾನಿಯ ಅಗಲ ಮೈಕಟ್ಟು ನೋಡಿ ಕುಸ್ತಿ ಗುರು ಇಟ್ಟ ಅಡ್ಡಹೆಸರು ಅದು ಅಂತ ಹಳೇ ಕಥೆ ಇದೆ. ಅದೇ ಬೇರು ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ‘ಪ್ಲ್ಯಾಟೋ’ ಆಯಿತು. ಭೂಗೋಳದ ಪಾಠದಲ್ಲಿ ಪ್ರಸ್ಥಭೂಮಿ ಅಂತ ಓದಿದ್ದೆವಲ್ಲ, ಅದು ಇದೇ. ಎತ್ತರದಲ್ಲಿ ಸಿಗುವ ಸಮತಟ್ಟು ನೆಲ.

ತೂಕ ಇಳಿಸುವವರ ಬಾಯಲ್ಲಿ ಅರ್ಥ ತುಸು ತಿರುಗಿದೆ. ಇಲ್ಲಿ ಹತ್ತುವುದಿಲ್ಲ, ಇಳಿಯುವುದು. ಊಟ ತಿದ್ದಿಕೊಂಡು, ನಡೆಯೋಕೆ ಶುರು ಮಾಡಿ, ರಾತ್ರಿ ಬೇಗ ಮಲಗಿ, ಮೂರ್ನಾಲ್ಕು ತಿಂಗಳು ಚೆನ್ನಾಗಿ ಇಳಿದ ತೂಕ ಒಂದು ಅಂಕಿಯ ಹತ್ತಿರ ಬಂದು ಕೂತುಬಿಡುತ್ತದೆ. ನೀವು ಏನನ್ನೂ ಬಿಟ್ಟಿಲ್ಲ. ಅಥವಾ ಬಿಟ್ಟಿಲ್ಲ ಅಂದುಕೊಂಡಿದ್ದೀರಿ (ಇದಕ್ಕೆ ಆಮೇಲೆ ಬರುತ್ತೇನೆ). ಆದರೂ ಮಿಷನ್ ಅಲ್ಲೇ ನಿಂತಿದೆ. ಇದಕ್ಕೆ ಪ್ಲ್ಯಾಟೋ ಅನ್ನುತ್ತಾರೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಮೊದಲ ಸಾಲು 84.6. ಒಂದೇ ವಾರಕ್ಕೆ 82.5. ಆ ಸಾಲಿನ ಪಕ್ಕ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿಕೊಂಡಿದ್ದೇನೆ, ಈಗ ನೋಡಿದರೆ ನಗು ಬರುತ್ತದೆ. ಐದನೇ ತಿಂಗಳ ಪುಟ ಹೀಗಿದೆ: 77.2, 77.6, 76.9, 77.4, 77.1. ನಡುವೆ ಒಂದು ಕಡೆ ‘ಸೆಲ್ ಬದಲಿಸಿದೆ’ ಅಂತ ಬರೆದಿದ್ದೇನೆ. ಹೌದು, ಮಿಷನ್ನಿನ ಸೆಲ್ ಮುಗಿದಿರಬೇಕು ಅಂತ ಅನುಮಾನ ಬಂದಿತ್ತು. ಆಮೇಲೆ ಮಿಷನನ್ನು ಬಚ್ಚಲಿನ ಹತ್ತಿರದಿಂದ ಹಾಲ್‌ಗೆ ತಂದು, ನೆಲ ಸರಿಯಿಲ್ಲವೇನೋ ಅಂತ ಇನ್ನೊಂದು ಮೂಲೆಗೆ ಇಟ್ಟು, ಒಂಟಿ ಕಾಲಲ್ಲೂ ನಿಂತು ನೋಡಿದ್ದಾಯಿತು. ಒಂಟಿ ಕಾಲಲ್ಲಿ ನಿಂತರೂ 77.

ಈಗ ಪದಕ್ಕೆ ಬರೋಣ. ಇದನ್ನು ನಾವು ತೀರಾ ಬೇಗ ಬಳಸಿಬಿಡುತ್ತೇವೆ. ಹತ್ತು ದಿನ ತೂಕ ಇಳಿಯದಿದ್ದರೆ ಅದು ಪ್ಲ್ಯಾಟೋ ಅಲ್ಲ, ಬಹುಪಾಲು ಅದು ನೀರು. ದೇಹ ಪಿಷ್ಟವನ್ನು ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ದೊಡ್ಡವರಲ್ಲಿ ಎಲ್ಲಾ ಸೇರಿ ಸುಮಾರು ಅರ್ಧ ಕೆಜಿ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಈ ದಾಸ್ತಾನು ಕರಗುತ್ತದೆ, ನೀರೂ ಹೊರಟುಹೋಗುತ್ತದೆ. ನನ್ನ ಆ ಮೂರು ಆಶ್ಚರ್ಯಸೂಚಕಗಳು ಹೆಚ್ಚಾಗಿ ಮೂತ್ರಕ್ಕೆ ಸಂದ ಗೌರವ. ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅಂದರೆ, ಮೊದಲ ವಾರದ ವೇಗವನ್ನೇ ಅಳತೆಗೋಲು ಮಾಡಿಕೊಂಡು ಮೂರನೇ ವಾರ ‘ನಿಂತುಹೋಯ್ತು’ ಅಂತ ಗೋಳಾಡುತ್ತೇವೆ.

ಆ ನೀರು ವಾಪಸ್ಸೂ ಬರುತ್ತದೆ. ಉಪ್ಪು ಜಾಸ್ತಿಯಾದ ಒಂದು ಊಟ ಸಾಕು. ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋವು ಬಂದಿದ್ದರೆ ಆ ಸ್ನಾಯುಗಳು ರಿಪೇರಿಗೆ ನೀರು ಹಿಡಿದುಕೊಳ್ಳುತ್ತವೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ನೀರು ತುಂಬಿದ ಹಾಗೆ ಆಗುವುದು ಗೊತ್ತಿರುವ ವಿಷಯವೇ. ದಿನದಿಂದ ದಿನಕ್ಕೆ ಒಂದು ಕೆಜಿ ಹಿಂದೆಮುಂದೆ ಆಗುವುದು ಮಾಮೂಲು. ವಾರಕ್ಕೆ 300 ಗ್ರಾಂ ಕೊಬ್ಬು ನಿಜವಾಗಿ ಕರಗುತ್ತಿದ್ದರೂ, ಒಂದು ಕೆಜಿ ನೀರು ಬಂದು ಅದನ್ನು ಮೂರು ವಾರ ಮುಚ್ಚಿಡಬಹುದು.

ಹಾಗಾಗಿ ಒಂದು ದಿನದ ಅಂಕಿಗೆ ಬೆಲೆ ಇಲ್ಲ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನದೆ ನೋಡಿ. ಏಳು ದಿನದ ಸರಾಸರಿ ತೆಗೆಯಿರಿ. ಈ ವಾರದ ಸರಾಸರಿಯನ್ನು ನಾಲ್ಕು ವಾರದ ಹಿಂದಿನದರ ಜೊತೆ ಹೋಲಿಸಿ. ಜೊತೆಗೆ ಹೊಟ್ಟೆಯ ಸುತ್ತಳತೆಯನ್ನು ಟೇಪಿನಲ್ಲಿ ನೋಡಿ. ಎರಡೂ ನಾಲ್ಕರಿಂದ ಆರು ವಾರ ಅಲುಗಾಡಿಲ್ಲವಾ? ಸರಿ, ಈಗ ಪ್ಲ್ಯಾಟೋ ಅನ್ನಿ, ನಾನೂ ಒಪ್ಪುತ್ತೇನೆ.

ನಿಜವಾದ ಪ್ಲ್ಯಾಟೋ ಯಾಕೆ ಬರುತ್ತದೆ? ಇಲ್ಲಿ ಒಂದು ಹಳೇ ಲೆಕ್ಕ ನಮ್ಮ ತಲೆ ಕೆಡಿಸಿದೆ. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್ಸ್ಕಿ ಅನ್ನುವ ವೈದ್ಯರು ಒಂದು ಪೌಂಡ್ ದೇಹತೂಕಕ್ಕೆ 3500 ಕ್ಯಾಲೊರಿ ಸಮ ಅಂತ ಬರೆದರು. ಕೆಜಿ ಲೆಕ್ಕದಲ್ಲಿ ಸುಮಾರು 7700. ದಿನಕ್ಕೆ ಇಷ್ಟು ಕಡಿಮೆ ತಿಂದರೆ ವಾರಕ್ಕೆ ಇಷ್ಟು ಇಳಿಯುತ್ತೀರಿ ಅಂತ ಎಲ್ಲಾ ಕಡೆ ಓದುತ್ತೀವಲ್ಲ, ಅದರ ಮೂಲ ಇದು. ಆದರೆ ಈ ಲೆಕ್ಕವನ್ನು ಹಾಗೇ ಎಳೆದುಕೊಂಡು ಹೋಗಿ ನೋಡಿ. ದಿನಕ್ಕೆ 240 ಕ್ಯಾಲೊರಿ ಕಡಿಮೆ ಮಾಡಿದವರು ವರ್ಷಕ್ಕೆ 11 ಕೆಜಿ, ಎಂಟು ವರ್ಷಕ್ಕೆ 90 ಕೆಜಿ ಇಳಿಯಬೇಕು. 85 ಕೆಜಿಯ ಮನುಷ್ಯ ಅಷ್ಟರೊಳಗೆ ಗಾಳಿಯಲ್ಲಿ ಕರಗಿಹೋಗಿರುತ್ತಾನೆ.

ಹಾಗೆ ಆಗುವುದಿಲ್ಲ, ಯಾಕೆಂದರೆ ದೇಹ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುತ್ತದೆ. 77 ಕೆಜಿಯ ಮೈ ಹೊತ್ತು ಮೆಟ್ಟಿಲು ಹತ್ತೋಕೆ 84 ಕೆಜಿಯಷ್ಟು ಶಕ್ತಿ ಬೇಡ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಹೊಸ ಲೆಕ್ಕ ಕೊಟ್ಟರು. ದಿನಕ್ಕೆ ಸುಮಾರು 24 ಕ್ಯಾಲೊರಿಯನ್ನು ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಇಳಿಯುವುದು ಒಂದು ಕೆಜಿ, ಅಷ್ಟೇ. ಅದರಲ್ಲಿ ಅರ್ಧ ಇಳಿಯೋಕೆ ಸುಮಾರು ಒಂದು ವರ್ಷ, ಹೆಚ್ಚುಕಮ್ಮಿ ಪೂರ್ತಿ ಇಳಿಯೋಕೆ ಮೂರು ವರ್ಷ. ಅಂದರೆ 240 ಕ್ಯಾಲೊರಿಯ ಬದಲಾವಣೆಗೆ 10 ಕೆಜಿ ಸಿಗುತ್ತದೆ, ಆಮೇಲೆ ಗೆರೆ ಸಮ. ನೀವು ಮಾಡಿಕೊಂಡ ಅಭ್ಯಾಸ ಎಷ್ಟು ತೂಕ ಇಳಿಸಬಹುದೋ ಅಷ್ಟು ಇಳಿಸಿ ಮುಗಿಸಿತು ಅಂತ ಅರ್ಥ.

ಆದರೆ ಒಂದು ನಿಮಿಷ. ಲೆಕ್ಕದ ಪ್ರಕಾರ ಮೂರು ವರ್ಷ ಆಗಬೇಕು, ಜನಕ್ಕೆ ತೂಕ ನಿಲ್ಲುವುದು ಆರೇಳು ತಿಂಗಳಿಗೇ. ಈ ಅಂತರ ಎಲ್ಲಿಂದ ಬಂತು?

ನನಗೆ ಇಡೀ ವಿಷಯದಲ್ಲಿ ಇದೇ ಕುತೂಹಲದ ಜಾಗ. ‘ನನ್ನ ಮೆಟಬಾಲಿಸಂ ಸತ್ತುಹೋಯ್ತು’ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಮೆಟಬಾಲಿಸಂ ಅಂದರೆ ಚಯಾಪಚಯ, ದೇಹ ಕ್ಯಾಲೊರಿ ಸುಡುವ ಕೆಲಸ. ಅದು ನಿಧಾನವಾಗುವುದು ಸುಳ್ಳೇನಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ವಿಪರೀತ ತೂಕ ಇಳಿಸಿದ್ದ 14 ಜನರನ್ನು ಆರು ವರ್ಷ ಬಿಟ್ಟು ಅಳೆದಾಗ, ಅವರ ದೇಹ ಸುಮ್ನೆ ಮಲಗಿದ್ದಾಗ ಸುಡುತ್ತಿದ್ದದ್ದು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. 2016ರ ವರದಿ ಅದು. ಅವರು ಇಳಿಸಿದ ರೀತಿಯೇ ವಿಪರೀತದ್ದು, ಮಾಮೂಲಿ ಜನರಲ್ಲಿ ಇಷ್ಟು ಕಾಣುವುದಿಲ್ಲ. ಆದರೆ ನಿಧಾನವಾಗುವುದು ಬೇರೆ, ನಿಂತುಹೋಗುವುದು ಬೇರೆ. ಎರಡನೇ ಮಹಾಯುದ್ಧದ ಕೊನೆಗೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಯುವಕರನ್ನು, ಅವರ ಒಪ್ಪಿಗೆಯ ಮೇಲೇ, 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರ ಚಯಾಪಚಯ ಬಹಳ ಕುಸಿಯಿತು. ಆದರೂ ತೂಕದಲ್ಲಿ ಸುಮಾರು ಕಾಲು ಭಾಗ ಹೋಯಿತು. ‘ಕಡಿಮೆ ತಿಂದರೆ ದೇಹ ಹೆದರಿ ತೂಕ ಹಿಡಿದಿಟ್ಟುಕೊಳ್ಳುತ್ತದೆ’ ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಾ?

ಹಾಗಾದರೆ ಕೈವಾಡ ಯಾರದು? ಹಸಿವಿನದು. ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇನ್ನೊಂದು ಲೆಕ್ಕ ಪ್ರಕಟಿಸಿದರು. ಸಕ್ಕರೆ ಕಾಯಿಲೆಯ ಒಂದು ಔಷಧಿ ಇದೆ, ಅದು ರಕ್ತದ ಗ್ಲೂಕೋಸನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಅದನ್ನು ತೆಗೆದುಕೊಂಡವರು ತಾವು ದಿನಾ ಕ್ಯಾಲೊರಿ ಕಳೆದುಕೊಳ್ಳುತ್ತಿದ್ದೇವೆ ಅಂತ ಗೊತ್ತೇ ಆಗದೆ ತೂಕ ಇಳಿಯುತ್ತಿದ್ದರು, ಗೊತ್ತೇ ಆಗದೆ ಜಾಸ್ತಿ ತಿನ್ನುತ್ತಲೂ ಇದ್ದರು. ಎಷ್ಟು ಜಾಸ್ತಿ? ಇಳಿದ ಒಂದೊಂದು ಕೆಜಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿ ಹೆಚ್ಚು ತಿನ್ನುವಂತೆ ಹಸಿವು ತಳ್ಳುತ್ತದೆ. ಅದೇ ಒಂದು ಕೆಜಿಗೆ ದೇಹದ ಖರ್ಚು ತಗ್ಗುವುದು 20ರಿಂದ 30 ಕ್ಯಾಲೊರಿ ಮಾತ್ರ. ಅಂದರೆ ಮೆಟಬಾಲಿಸಂ ಒಂದು ಕೈಯಲ್ಲಿ ಎಳೆದರೆ ಹಸಿವು ಮೂರು ಕೈಯಲ್ಲಿ ಎಳೆಯುತ್ತದೆ. ಇದರ ಹಿಂದೆ ಹಾರ್ಮೋನುಗಳಿವೆ. ಕೊಬ್ಬಿನ ಕೋಶಗಳಿಂದ ಬಂದು ಹಸಿವು ತಗ್ಗಿಸುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹೊಟ್ಟೆಯಿಂದ ಬಂದು ಹಸಿವು ಹೆಚ್ಚಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ. ತೂಕ ಇಳಿಸಿ ಒಂದು ವರ್ಷವಾದರೂ ಇವು ಹಳೇ ಮಟ್ಟಕ್ಕೆ ಮರಳಿರಲಿಲ್ಲ ಅಂತ 2011ರ ಆಸ್ಟ್ರೇಲಿಯಾದ ಒಂದು ಅಧ್ಯಯನ ತೋರಿಸಿತು.

ಹಸಿವು ಅಂದರೆ ಹೊಟ್ಟೆ ಚುರುಗುಟ್ಟುವುದು ಅಂತ ಮಾತ್ರ ಅಂದುಕೊಳ್ಳಬೇಡಿ. ಬಹಳ ಸಲ ಅದು ಗೊತ್ತೇ ಆಗುವುದಿಲ್ಲ. ಚಮಚ ಸ್ವಲ್ಪ ಗೋಪುರ ಆಗುತ್ತದೆ, ತಟ್ಟೆಗೆ ಎರಡನೇ ಸಲ ಬಡಿಸಿಕೊಂಡದ್ದು ನೆನಪಿರುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ಏನು ಮಾಡಿದರೂ ತೂಕ ಇಳಿಯಲ್ಲ’ ಅನ್ನುತ್ತಿದ್ದವರನ್ನು ಕರೆದು ಅಳೆದರು. ಅವರ ಚಯಾಪಚಯ ಸರಿಯಾಗೇ ಇತ್ತು. ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಓಡಾಡಿದ್ದನ್ನು 51% ಹೆಚ್ಚು ಹೇಳಿದ್ದರು. ಸುಳ್ಳು ಹೇಳುವ ಉದ್ದೇಶ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಯಾಕೆಂದರೆ ನಾನೂ ಅದೇ ಮಾಡುತ್ತಿದ್ದೆ.

ಎಣ್ಣೆ ನನ್ನದು. ಬಾಟಲಿಯಿಂದ ನೇರ ಬಾಣಲೆಗೆ ಹಾಕುವ ಅಭ್ಯಾಸ, ನನಗೊಬ್ಬನಿಗೆ ಒಂದು ಚಮಚ ಅಂತ ಮನಸ್ಸಿನಲ್ಲಿ ಲೆಕ್ಕ. ಒಂದು ದಿನ ಬಾಣಲೆಗೆ ಹಾಕುವಷ್ಟನ್ನೇ ಬಟ್ಟಲಿಗೆ ಸುರಿದು, ಅದನ್ನು 15 ಎಂಎಲ್ ಚಮಚದಲ್ಲಿ ಮೊಗೆದೆ. ಒಂದು. ಎರಡು. ಬಟ್ಟಲಲ್ಲಿ ಇನ್ನೂ ಅರ್ಧ ಚಮಚ ಉಳಿದಿತ್ತು. ಒಂದು ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಅಂದರೆ ದಿನಾ 180 ಕ್ಯಾಲೊರಿ ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಹಾಲ್ ಸೂತ್ರದಲ್ಲಿ ಹಾಕಿದರೆ ಏಳೂವರೆ ಕೆಜಿ. ಮೊದಲ ತಿಂಗಳು ನಾನು ಅಳೆದೇ ಹಾಕುತ್ತಿದ್ದೆ, ಅದು ಚೆನ್ನಾಗಿ ನೆನಪಿದೆ. ಅಳೆಯುವುದನ್ನು ಯಾವತ್ತು ನಿಲ್ಲಿಸಿದೆ ಅನ್ನುವುದು ಮಾತ್ರ ನೆನಪಿಲ್ಲ.

ಓಡಾಟವೂ ಹೀಗೇ ಸವೆಯುತ್ತದೆ. ಬೆಳಗಿನ ವಾಕಿಂಗ್ ತಪ್ಪಿಸಿರುವುದಿಲ್ಲ. ಆದರೆ ಫೋನ್ ಬಂದರೆ ಎದ್ದು ಅಡ್ಡಾಡುತ್ತಿದ್ದವರು ಕೂತೇ ಮಾತಾಡುತ್ತಾರೆ, ನೀರಿನ ಬಾಟಲಿ ಪಕ್ಕದಲ್ಲೇ ತಂದಿಟ್ಟುಕೊಳ್ಳುತ್ತಾರೆ. ವ್ಯಾಯಾಮ ಅಲ್ಲದ ಈ ಚಿಲ್ಲರೆ ಚಲನೆ ಊಟ ಕಡಿಮೆಯಾದಾಗ ತಾನಾಗಿ ಇಳಿದುಬಿಡುತ್ತದೆ.

ಇನ್ನು ಏನು ಮಾಡುವುದು? ಮೊದಲು, ಏನು ಮಾಡಬಾರದು ಅಂತ ಹೇಳುತ್ತೇನೆ. ನಾನು ಸಿಟ್ಟಿಗೆದ್ದು ರಾತ್ರಿ ಊಟವನ್ನೇ ಬಿಟ್ಟೆ. ಒಂಬತ್ತು ದಿನ ನಡೆಯಿತು. ಹತ್ತನೇ ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ದೀಪ ಕೂಡ ಹಾಕದೆ ನಿಂತು ಡಬ್ಬಿಗೆ ಕೈ ಹಾಕಿ ಬಿಸ್ಕೆಟ್ ತಿಂದೆ. ಹಸಿವು ಮೂರು ಕೈಯಲ್ಲಿ ಎಳೆಯುತ್ತಿರುವಾಗ ಹಗ್ಗವನ್ನು ಇನ್ನೂ ಬಿಗಿ ಮಾಡಿದರೆ ಇನ್ನೇನಾಗುತ್ತದೆ?

ಮಾಡಬಹುದಾದದ್ದು ಸಪ್ಪೆ ಕೆಲಸ. ಒಂದೇ ಒಂದು ವಾರ ಎಲ್ಲವನ್ನೂ ಅಳೆದು ಬರೆಯಿರಿ, ಜೀವನಪೂರ್ತಿ ಬೇಡ. ಎಲ್ಲಿ ಸೋರುತ್ತಿದೆ ಅಂತ ಹೆಚ್ಚಿನ ಸಲ ಅಷ್ಟರಲ್ಲೇ ಸಿಗುತ್ತದೆ. ಊಟದಲ್ಲಿ ಪ್ರೋಟೀನ್ ಹೆಚ್ಚಿಸಿ. ಅದು ಹೊಟ್ಟೆ ತುಂಬಿದ ಭಾವ ಕೊಡುತ್ತದೆ, ಅದರ ಕ್ಯಾಲೊರಿಯಲ್ಲಿ 20ರಿಂದ 30% ಅದನ್ನು ಜೀರ್ಣಿಸಿಕೊಳ್ಳೋಕೇ ಖರ್ಚಾಗುತ್ತದೆ (ಕೊಬ್ಬಿಗೆ ಇದು 3% ಒಳಗೆ). ವಾರಕ್ಕೆ ಎರಡು ಮೂರು ಸಲ ಭಾರ ಎತ್ತುವ ವ್ಯಾಯಾಮ ಇರಲಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಅದನ್ನು ತಡೆಯೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿದ್ದೆ ಕೆಟ್ಟರೆ ಹಸಿವು ಜಾಸ್ತಿ, ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ.

ನಡುವೆ ಬಿಡುವು ಕೊಡುವ ಪದ್ಧತಿಯೂ ಇದೆ. ಎರಡು ವಾರ ಕಡಿಮೆ ತಿನ್ನುವುದು, ಎರಡು ವಾರ ತೂಕ ಏರದಷ್ಟು ತಿನ್ನುವುದು. 2017ರ ಒಂದು ಅಧ್ಯಯನದಲ್ಲಿ ಹೀಗೆ ಮಾಡಿದ ಬೊಜ್ಜಿನ ಗಂಡಸರು ಬಿಡುವಿಲ್ಲದೆ ಮಾಡಿದವರಿಗಿಂತ ಹೆಚ್ಚು ಇಳಿದರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ, ತೂಕಕ್ಕೆ ಅಲ್ಲದಿದ್ದರೂ ತಲೆಗೆ ಅದರಿಂದ ಆರಾಮ ಸಿಕ್ಕಿತು.

ಒಂದು ವಿಷಯ ಮಾತ್ರ ತಮಾಷೆ ಅಲ್ಲ. ವಿಪರೀತ ಸುಸ್ತು, ಚಳಿ ತಡೆಯೋಕಾಗದಿರುವುದು, ಮುಟ್ಟು ತಪ್ಪುವುದು ಇದ್ದರೆ, ಅಥವಾ ಸ್ಟೀರಾಯ್ಡ್, ಇನ್ಸುಲಿನ್, ಖಿನ್ನತೆಯ ಕೆಲವು ಮಾತ್ರೆಗಳು ನಡೆಯುತ್ತಿದ್ದರೆ, ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಒಮ್ಮೆ ನೋಡಿಸಿ.

ಈಗ ಎಲ್ಲರೂ ಮಾತಾಡುವ ತೂಕ ಇಳಿಸುವ ಇಂಜೆಕ್ಷನ್ನಿಗೂ ಪ್ಲ್ಯಾಟೋ ತಪ್ಪಿದ್ದಲ್ಲ. ಅಂಥ ಒಂದು ಔಷಧಿಯಾದ ಸೆಮಾಗ್ಲುಟೈಡ್‌ನ 68 ವಾರದ ದೊಡ್ಡ ಪ್ರಯೋಗದಲ್ಲಿ ಸರಾಸರಿ ಸುಮಾರು 15% ತೂಕ ಇಳಿಯಿತು. ಆ ಗ್ರಾಫಿನ ಕೊನೆ ನೋಡಿ, ಅಲ್ಲೂ ಗೆರೆ ಚಪ್ಪಟೆ. ಔಷಧಿ ಮಾಡುವುದು ಹಸಿವಿನ ಎಳೆತ ತಗ್ಗಿಸುವುದನ್ನ, ಅದಕ್ಕೇ ಗೆರೆ ಇನ್ನೂ ಕೆಳಗೆ ಹೋಗಿ ನಿಲ್ಲುತ್ತದೆ. ನಿಲ್ಲುವುದಂತೂ ನಿಲ್ಲುತ್ತದೆ.

ಅಂದಹಾಗೆ ಈ ಪದಕ್ಕೆ ಇನ್ನೊಂದು ಹೆಸರೂ ಇದೆ. ಇನ್ನೂ ಇಳಿಯಬೇಕು ಅನ್ನುವವರು ‘ಪ್ಲ್ಯಾಟೋ’ ಅನ್ನುತ್ತಾರೆ, ಇಷ್ಟು ಸಾಕು ಅನ್ನುವವರು ‘ಮೇಂಟೆನೆನ್ಸ್’ ಅನ್ನುತ್ತಾರೆ. ಗ್ರಾಫಿನಲ್ಲಿ ಎರಡಕ್ಕೂ ಗೆರೆ ಒಂದೇ. ಇದ್ದ ತೂಕದಲ್ಲಿ 5ರಿಂದ 10% ಇಳಿದರೇ ಬಿಪಿ, ಶುಗರ್ ಸುಧಾರಿಸುತ್ತವೆ ಅಂತ ವೈದ್ಯರು ಹೇಳುವುದುಂಟು. ನನ್ನ 84.6ರಿಂದ 77 ಅಂದರೆ ಸುಮಾರು 9%. ಇದು ಹೊಳೆದದ್ದು ಎಣ್ಣೆ ಅಳೆಯೋಕೆ ಶುರು ಮಾಡಿ, ಇನ್ನೂ ಎರಡು ಕೆಜಿ ಇಳಿದು, ಮತ್ತೆ ನಿಂತಾಗ.

ಈ ಸಲ ಮಿಷನ್ ಬೇರೆ ಮೂಲೆಗೆ ಇಡಲಿಲ್ಲ. ನೋಟ್‌ಬುಕ್‌ನಲ್ಲಿ ಈಗ ವಾರಕ್ಕೆ ಒಂದೇ ಸಾಲು. 75.1, 75.3, 74.8, 75.2. ಚಮಚ ಎಣ್ಣೆ ಬಾಟಲಿಯ ಪಕ್ಕದಲ್ಲೇ ಇದೆ.