ಏಳು ನಿಮಿಷ ನಗಿಸುವ ಟಾಮ್ ಅಂಡ್ ಜೆರ್ರಿ ಸಿನಿಮಾ ಆದಾಗ ಸಪ್ಪೆ ಯಾಕೆ?

ಓದುಗರ ಪ್ರಶ್ನೆ: ಟಾಮ್ ಅಂಡ್ ಜೆರ್ರಿ ಕಾರ್ಟೂನ್ ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ. ಅವರದ್ದೇ ಸಿನಿಮಾ ಹಾಕಿದರೆ ಅರ್ಧಕ್ಕೇ ಆಕಳಿಕೆ ಬರುತ್ತದೆ. ಹಳೇ ಕಾರ್ಟೂನ್‌ಗಳು ಸಿನಿಮಾ ಆದಾಗ ಹೀಗೇಕೆ?

ಉತ್ತರ: ಆ ಜೋಡಿಗೆ ಬೇಕಾಗಿರುವುದೇ ಬಹಳ ಕಡಿಮೆ, ಅದಕ್ಕೆ. ಆಸ್ಕರ್ ಗೆದ್ದ ‘ದಿ ಕ್ಯಾಟ್ ಕನ್ಸರ್ಟೋ’ ನೋಡಿ. ಟಾಮ್ ಕೋಟು ಹಾಕಿಕೊಂಡು ಗತ್ತಿನಿಂದ ಪಿಯಾನೋ ನುಡಿಸುತ್ತಿದ್ದಾನೆ. ಜೆರ್ರಿ ಅದೇ ಪಿಯಾನೋದ ಒಳಗೆ ನಿದ್ದೆ ಮಾಡುತ್ತಿದ್ದಾನೆ. ಒಬ್ಬನಿಗೆ ಸಂಗೀತ ಕಛೇರಿ ಮುಗಿಯಬೇಕು, ಇನ್ನೊಬ್ಬನಿಗೆ ನಿದ್ದೆ ಕೆಟ್ಟ ಸಿಟ್ಟು. ಕಥೆ ಅಷ್ಟೇ. ಏಳು ನಿಮಿಷಕ್ಕೆ ಅದು ಧಾರಾಳವಾಗಿ ಸಾಕು, ಒಂದೂವರೆ ಗಂಟೆಗೆ ಸಾಲದು.

ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಜಿಎಂ ಸ್ಟುಡಿಯೋದಲ್ಲಿ 1940ರಿಂದ 1958ರವರೆಗೆ ಇಂಥ 114 ಕಿರುಚಿತ್ರ ಮಾಡಿದರು. ಏಳಕ್ಕೆ ಆಸ್ಕರ್ ಬಂತು. ಈ ಜೋಡಿ ಬಾಯಿ ಬಿಡುವುದೇ ಅಪರೂಪ. ಮಾತಿನ ಕೆಲಸವನ್ನೆಲ್ಲ ಸ್ಕಾಟ್ ಬ್ರಾಡ್ಲಿಯ ಸಂಗೀತ ಮಾಡುತ್ತಿತ್ತು. ಟಾಮ್ ತುದಿಗಾಲಲ್ಲಿ ಬಂದರೆ ಹೆಜ್ಜೆಹೆಜ್ಜೆಗೂ ಸ್ವರ. ಬೆರಳಿಗೆ ಇಲಿಬೋನು ಬಿದ್ದಾಗಿನ ಆ ಅರಚಾಟ ಮಾತ್ರ ಸ್ವತಃ ಹನ್ನಾ ಅವರದ್ದು! ಡಬ್ಬಿಂಗ್ ಇಲ್ಲದೆಯೇ ನಮ್ಮ ಮಕ್ಕಳಿಗೆ ಎಲ್ಲ ಅರ್ಥವಾಗಿದ್ದು ಇದರಿಂದಲೇ ಅಲ್ವಾ?

ಈಗ 1992ರ ಸಿನಿಮಾಕ್ಕೆ ಬನ್ನಿ. ನಿರ್ದೇಶಕ ಫಿಲ್ ರೋಮನ್. ಅದರಲ್ಲಿ ಇಬ್ಬರಿಗೂ ಮಾತು ಬರುತ್ತದೆ, ಹಾಡೂ ಬರುತ್ತದೆ, ಸಾಲದ್ದಕ್ಕೆ ಸ್ನೇಹಿತರೂ ಆಗುತ್ತಾರೆ. ಮಾಡಿದವರನ್ನು ಸುಮ್ನೆ ಬೈಯುವಂತಿಲ್ಲ. ಅಷ್ಟು ಹೊತ್ತು ನಮ್ಮನ್ನು ಕೂರಿಸಲು ಯಾರಿಗಾದರೂ ಒಂದು ದೊಡ್ಡ ಆಸೆ ಇರಬೇಕು. ಬೆಕ್ಕಿಗೂ ಇಲ್ಲ, ಇಲಿಗೂ ಇಲ್ಲ. ಹಾಗಾಗಿ ಅಪ್ಪನಿಗಾಗಿ ಹಂಬಲಿಸುವ ರಾಬಿನ್ ಎಂಬ ಪುಟ್ಟ ಹುಡುಗಿಯನ್ನು ತಂದರು. ಕಥೆ ಅವಳದ್ದಾಯಿತು, ಟಾಮ್ ಮತ್ತು ಜೆರ್ರಿ ಅವಳ ಸಹಾಯಕರಾದರು. 2021ರಲ್ಲಿ ಟಿಮ್ ಸ್ಟೋರಿ ನಿರ್ದೇಶಿಸಿದ ಸಿನಿಮಾ ಇಬ್ಬರನ್ನೂ ಮತ್ತೆ ಮೂಕರನ್ನಾಗಿಸಿತು. ಒಳ್ಳೆಯದೇ ಆಯಿತು. ಆದರೆ ಹೋಟೆಲ್ಲು, ಮದುವೆ, ಕೆಲಸ ಉಳಿಸಿಕೊಳ್ಳಲು ಒದ್ದಾಡುವ ಹುಡುಗಿ, ಹೀಗೆ ಮನುಷ್ಯರ ಗಲಾಟೆಯೇ ಜಾಸ್ತಿ.

ಹಾಗಂತ ಎಲ್ಲ ಪಾತ್ರಗಳ ಹಣೆಬರಹವೂ ಇದೇ ಅಲ್ಲ. ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ 1950ರಿಂದ 2000ದವರೆಗೆ ಪತ್ರಿಕೆಗಳಲ್ಲಿ ಬಂದ ಚಿತ್ರಪಟ್ಟಿ. ಅದರ ಮುಖ್ಯ ಪಾತ್ರ, ಚಾರ್ಲಿ ಬ್ರೌನ್ ಎಂಬ ಹುಡುಗನಿಗೆ ಹಳೆಯದೊಂದು ಆಸೆ ಇದೆ: ಕೆಂಪು ಕೂದಲಿನ ಆ ಹುಡುಗಿಯನ್ನು ಮಾತಾಡಿಸಬೇಕು. ಧೈರ್ಯ ಸಾಲದು. 2015ರ ಸಿನಿಮಾ ಅದನ್ನೇ ಹಿಡಿದುಕೊಂಡಿತು. ಶುಲ್ಜ್ ಅವರ ಮಗ ಮತ್ತು ಮೊಮ್ಮಗನೇ ಬರವಣಿಗೆಯಲ್ಲಿದ್ದರು. ಹೊರಗಿನಿಂದ ನಾಯಕಿಯನ್ನೋ ಖಳನನ್ನೋ ಎರವಲು ತರುವ ಪ್ರಮೇಯವೇ ಬರಲಿಲ್ಲ.

ಆ ಸಿನಿಮಾ ಮಾಡಿದವರಿಗೆ ಎದುರಾದ ತಲೆನೋವು ಬೇರೆ. ಕಾಗದದ ಮೇಲಿನ ಪಾತ್ರಕ್ಕೆ ಹಿಂಬದಿ, ಪಕ್ಕ ಎಂಬುದೆಲ್ಲ ಸರಿಯಾಗಿ ಇರುವುದೇ ಇಲ್ಲ. ಮಿಕ್ಕಿ ಮೌಸ್‌ನ ಕಿವಿಗಳನ್ನೇ ನೋಡಿ: ತಲೆ ಯಾವ ಕಡೆ ತಿರುಗಿದರೂ ಎರಡು ದುಂಡನೆಯ ಕಿವಿ ಕಾಣಬೇಕು. ನಿಜವಾದ ತಲೆಗೆ ಅಂಟಿಸಿದ ಕಿವಿ ಹಾಗೆ ಕಾಣುವುದಿಲ್ಲ. ಬರೆಯುವ ಕೈ ಈ ಸುಳ್ಳನ್ನು ಸಲೀಸಾಗಿ ಹೇಳುತ್ತದೆ, ಕಂಪ್ಯೂಟರ್ ಮಾದರಿಗೆ ಅದನ್ನು ಕಲಿಸಬೇಕು. ಚಾರ್ಲಿ ಬ್ರೌನ್‌ದೂ ಇದೇ ಕಥೆ. ಬ್ಲೂ ಸ್ಕೈ ಸ್ಟುಡಿಯೋದವರು ತ್ರೀಡಿಯಲ್ಲೇ ಮಾಡಿದರು, ಆದರೆ ಕಣ್ಣು, ಬಾಯಿ, ಹುಬ್ಬುಗಳನ್ನು ಪೆನ್ನಿನ ಗೆರೆಗಳ ಹಾಗೇ ಉಳಿಸಿಕೊಂಡರು. ತಲೆ ನಯವಾಗಿ ಸುತ್ತುವುದಿಲ್ಲ, ಒಂದು ಭಂಗಿಯಿಂದ ಇನ್ನೊಂದಕ್ಕೆ ಟಕ್ಕನೆ ಹಾರುತ್ತದೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ, ಕೈಯಲ್ಲೇ ಬಿಡಿಸಿದ ಹಳೇ ಕಾರ್ಟೂನ್‌ಗಳಂತೆ ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿದರು. ಲೆಕ್ಕಕ್ಕೆ ಸೆಕೆಂಡಿಗೆ 12 ಚಿತ್ರ. ಚಾರ್ಲಿಯ ನಾಯಿ ಸ್ನೂಪಿಯ ದನಿಗೆ ಹೊಸಬರನ್ನು ಹುಡುಕಲಿಲ್ಲ, ಹಳೇ ಟಿವಿ ಕಾರ್ಟೂನ್‌ಗಳಲ್ಲಿ ಅದಕ್ಕೆ ದನಿ ಕೊಟ್ಟಿದ್ದ ಬಿಲ್ ಮೆಲೆಂಡೆಜ್ ಅವರ ರೆಕಾರ್ಡಿಂಗ್‌ಗಳನ್ನೇ ಬಳಸಿದರು. ಇಷ್ಟೊಂದು ಹಟ ಬೇಕಿತ್ತಾ ಅನ್ನಬಹುದು. ಬೇಕಿತ್ತು ಅಂತಲೇ ನನ್ನ ಲೆಕ್ಕ.

ಟಾಮ್ ಅಂಡ್ ಜೆರ್ರಿಯನ್ನೇ ಸಿನಿಮಾದಷ್ಟು ಹೊತ್ತು ನೋಡುವ ಆಸೆ ಇದ್ದರೆ ಹಳೇ ಕಿರುಚಿತ್ರಗಳಲ್ಲಿ ಹನ್ನೆರಡನ್ನು ಸಾಲಾಗಿ ಹಾಕಿ. ಹೆಚ್ಚುಕಡಿಮೆ 84 ನಿಮಿಷ ಆಗುತ್ತದೆ, 1992ರ ಸಿನಿಮಾದ ಅವಧಿಯೂ ಅಷ್ಟೇ. ಹಾಡುಗಳು ಮಾತ್ರ ತಪ್ಪಿಹೋಗುತ್ತವೆ.